ಪಿಯುಸಿ ಬಯಾಲಜಿ ಮತ್ತು ಲ್ಯಾಬ್: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಹೊಸ ಬ್ಯಾಚ್ ಬರುತ್ತದೆ. ಮುಖ ಬೇರೆ, ಊರು ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಲ್ಯಾಬಿನ ಬಾಗಿಲಲ್ಲಿ ನಿಂತು ಮಕ್ಕಳು ಕೇಳಿದ್ದು, ಅಡ್ಮಿಷನ್ ದಿನ ಅಪ್ಪ ಅಮ್ಮ ಕೇಳಿದ್ದು, ಪರೀಕ್ಷೆಯ ಹಿಂದಿನ ರಾತ್ರಿ ಮೆಸೇಜಿನಲ್ಲಿ ಬಂದಿದ್ದು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಮೊದಲಿಂದ ಓದಬೇಕೆಂದಿಲ್ಲ, ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಸೇರುವ ಮೊದಲು

ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ ಸಾರ್. ಬಯಾಲಜಿ ಇಂಗ್ಲಿಷ್ ನನ್ನ ಕೈಲಿ ಆಗುತ್ತಾ?

ಆಗುತ್ತದೆ. ಮೊದಲ ಎರಡು ಮೂರು ತಿಂಗಳು ಕಷ್ಟ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದು ವಿಷಯ ಗೊತ್ತಿರಲಿ. ಬಯಾಲಜಿಯ ಪದಗಳು ಇಂಗ್ಲಿಷ್ ಮೀಡಿಯಂನಿಂದ ಬಂದವರಿಗೂ ಹೊಸವೇ. ಅವುಗಳಲ್ಲಿ ಬಹುಪಾಲು ಗ್ರೀಕ್, ಲ್ಯಾಟಿನ್ ಪದಗಳು. ಸ್ಟೋಮಾ ಅಂದರೆ ಗ್ರೀಕ್‌ನಲ್ಲಿ ಬಾಯಿ. ಎಲೆಯ ಮೇಲಿರುವ ಪುಟ್ಟ ಬಾಯಿ ಅದು, ನೀವು ಓದಿದ ಪತ್ರರಂಧ್ರ. ಕ್ಲೋರೊಫಿಲ್‌ನಲ್ಲಿ ಇರುವುದು ಹಸಿರು ಮತ್ತು ಎಲೆ ಎಂಬ ಎರಡು ಪದ. ನಿಮ್ಮ ಪತ್ರಹರಿತ್ತು ಹೇಳುವುದೂ ಅದನ್ನೇ. ಕ್ಸೈಲಂ ಅಂದರೆ ಕಟ್ಟಿಗೆ, ಫ್ಲೋಯಂ ಬಂದಿದ್ದು ತೊಗಟೆ ಎಂಬ ಪದದಿಂದ.

ಒಂದು ನೋಟ್‌ಬುಕ್ ತೆಗೆದುಕೊಂಡು ಮೂರು ಕಾಲಂ ಹಾಕಿ. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಕನ್ನಡ, ಮೂರನೆಯದರಲ್ಲಿ ಅದನ್ನು ನೀವು ಎಲ್ಲಿ ನೋಡಿದಿರಿ ಅನ್ನುವುದು. 'ಗುರುವಾರ, ಲ್ಯಾಬ್, ರೋಯೊ ಎಲೆಯ ಕೆಳಭಾಗ' ಅಂತ ಬರೆದ ಪದ ಮರೆಯುವುದಿಲ್ಲ. (ರೋಯೊ ಅಂದರೆ ಎಲೆಯ ಕೆಳಭಾಗ ನೇರಳೆ ಇರುವ ಒಂದು ಅಲಂಕಾರದ ಗಿಡ.) ಲ್ಯಾಬಿನಲ್ಲಿ ಪ್ರಶ್ನೆ ಕನ್ನಡದಲ್ಲೇ ಕೇಳಿ. ಸ್ಲೈಡ್‌ಗೆ ಭಾಷೆ ಇಲ್ಲ.

ಲ್ಯಾಬ್‌ಗೆ ಎಷ್ಟು ಮಾರ್ಕ್ಸ್?

ಒಟ್ಟು 100ರಲ್ಲಿ ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30. ಪ್ರಾಕ್ಟಿಕಲ್ ಪರೀಕ್ಷೆ ಥಿಯರಿಗಿಂತ ಮೊದಲೇ ಮುಗಿಯುತ್ತದೆ. ಕ್ಲಾಸನ್ನು ಎರಡು ಬ್ಯಾಚ್ ಮಾಡಿ ಲ್ಯಾಬ್ ನಡೆಸುವುದು ರೂಢಿ. ನಿಮ್ಮ ಬ್ಯಾಚ್ ಯಾವ ದಿನ ಅಂತ ಮೊದಲ ವಾರವೇ ಕೇಳಿಟ್ಟುಕೊಳ್ಳಿ.

ಲ್ಯಾಬ್ ಮೊದಲ ದಿನ ಏನೇನು ತರಬೇಕು?

ಹೊಸ ಬ್ಲೇಡ್ ಎರಡು, ಸೂಜಿ, ಚಿಮಟ, ಒಂದು ಸಣ್ಣ ಪೇಂಟಿಂಗ್ ಬ್ರಷ್, ಎಚ್‌ಬಿ ಪೆನ್ಸಿಲ್, ರಬ್ಬರ್, ಮೆತ್ತನೆಯ ಹಳೇ ಬಟ್ಟೆಯ ತುಂಡು. ಇಷ್ಟು ಸಾಕು. ದುಬಾರಿ ಡಿಸೆಕ್ಷನ್ ಬಾಕ್ಸ್ ಕೊಳ್ಳುವ ಮೊದಲು ಲೆಕ್ಚರರ್ ಹತ್ತಿರ ಒಂದು ಮಾತು ಕೇಳಿ, ಅದರಲ್ಲಿರುವ ಅರ್ಧ ಸಾಮಾನು ಪೆಟ್ಟಿಗೆಯಿಂದ ಹೊರಗೇ ಬರುವುದಿಲ್ಲ. ಹಳೇ ಬಟ್ಟೆ ಮಾತ್ರ ಮರೆಯಬೇಡಿ. ಲೆನ್ಸ್ ಮಸುಕಾಗಿದ್ದರೆ ಮುಂದೆ ಎಲ್ಲವೂ ಮಸುಕು.

ಮಗಳಿಗೆ ಡಾಕ್ಟರ್ ಆಗುವ ಆಸೆ ಇಲ್ಲ. ಆದರೂ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಬಯಾಲಜಿ) ಯಾಕೆ ತಗೋಬೇಕು?

ಈ ಪ್ರಶ್ನೆ ಕೇಳುವ ಅಪ್ಪಂದಿರಿಗೆ ನಾನು ಮೊದಲು ಹೇಳುವುದು ಬಿಎಸ್‌ಸಿ ಅಗ್ರಿ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ. ಅರಣ್ಯ ಓದಬೇಕೆಂದರೆ ಪೊನ್ನಂಪೇಟೆ, ಶಿರಸಿ. ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿ 1969ರಿಂದ ಇದೆ. ಪಶುವೈದ್ಯಕೀಯ, ನರ್ಸಿಂಗ್, ರೇಷ್ಮೆ, ತೋಟಗಾರಿಕೆ, ಹೀಗೆ ದಾರಿ ಹಲವು. ಜಮೀನು, ದನಕರು ನೋಡಿ ಬೆಳೆದ ಮಕ್ಕಳಿಗೆ ಈ ಓದು ಪರಕೀಯ ಅನ್ನಿಸುವುದೇ ಇಲ್ಲ. ಅವರಿಗೆ ಗೊತ್ತಿರುವುದಕ್ಕೇ ಇಲ್ಲಿ ಕಾರಣ ಸಿಗುತ್ತದೆ.

## ಮೈಕ್ರೋಸ್ಕೋಪ್ ಮುಂದೆ ಕೂತಾಗ

ಎಲ್ಲರಿಗೂ ಕಾಣ್ತಿದೆ, ನನಗೆ ಮಾತ್ರ ಏನೂ ಕಾಣ್ತಿಲ್ಲ. ನನ್ನ ಕಣ್ಣಿಗೇನಾದ್ರೂ ಆಗಿದೆಯಾ?

ಕಣ್ಣಿಗೆ ಏನೂ ಆಗಿಲ್ಲ. ಮೊದಲ ದಿನ 'ಕಾಣ್ತಿದೆ' ಅಂದವರಲ್ಲಿ ಅರ್ಧ ಜನ ನೋಡಿದ್ದು ಗಾಳಿಗುಳ್ಳೆಯನ್ನು. ಸುತ್ತ ದಪ್ಪ ಕಪ್ಪು ಅಂಚು, ಒಳಗೆ ಬೆಳ್ಳಗೆ ಖಾಲಿ, ಅಚ್ಚುಕಟ್ಟಾದ ದುಂಡು. ಹಾಗಿದ್ದರೆ ಅದು ಗಾಳಿಗುಳ್ಳೆಯೇ, ಜೀವಕೋಶ ಅಲ್ಲ.

ನಮ್ಮ ಕಾಲೇಜುಗಳ ಮೈಕ್ರೋಸ್ಕೋಪಿನಲ್ಲಿ ಸಾಮಾನ್ಯವಾಗಿ ಕಣ್ಣಿನ ಲೆನ್ಸ್ 10 ಪಟ್ಟು, ಕೆಳಗಿನ ಸಣ್ಣ ಲೆನ್ಸ್ 10 ಪಟ್ಟು, ದೊಡ್ಡದು 45 ಪಟ್ಟು ಹಿಗ್ಗಿಸುತ್ತವೆ. ಎರಡನ್ನೂ ಗುಣಿಸಿದರೆ 100, ಇಲ್ಲವೇ 450. ಯಾವಾಗಲೂ 100ರಿಂದಲೇ ಶುರು ಮಾಡಿ. ಮೊದಲು ಕನ್ನಡಿ ತಿರುಗಿಸಿ ಬೆಳಕು ತುಂಬಿಸಿ. ಆಮೇಲೆ ಪಕ್ಕದಿಂದ ನೋಡುತ್ತಾ ಲೆನ್ಸನ್ನು ಸ್ಲೈಡ್ ಹತ್ತಿರಕ್ಕೆ ಇಳಿಸಿ. ಈಗ ಕಣ್ಣಿಟ್ಟು ಲೆನ್ಸನ್ನು ನಿಧಾನವಾಗಿ ಮೇಲಕ್ಕೆ ತನ್ನಿ. ಕಣ್ಣಿಟ್ಟುಕೊಂಡೇ ಕೆಳಗೆ ಇಳಿಸಿದರೆ ಸ್ಲೈಡ್ ಮುಚ್ಚುವ ತೆಳು ಗಾಜಾದ ಕವರ್‌ಸ್ಲಿಪ್ ಒಡೆಯುವ ಸದ್ದು ಕೇಳುತ್ತದೆ, ಅಷ್ಟೇ. ಕೋಶ ಸ್ಪಷ್ಟವಾಗಿ ಕಂಡು, ನಡುವಿಗೆ ತಂದ ಮೇಲೆ ದೊಡ್ಡ ಲೆನ್ಸ್ ತಿರುಗಿಸಿ. ಆಗ ಸಣ್ಣ ಸ್ಕ್ರೂ ಮಾತ್ರ ಮುಟ್ಟಿ.

ಸ್ಲೈಡನ್ನು ಎಡಕ್ಕೆ ತಳ್ಳಿದರೆ ಚಿತ್ರ ಬಲಕ್ಕೆ ಓಡುತ್ತದೆ. ಇದು ಎಲ್ಲರನ್ನೂ ಗಾಬರಿ ಮಾಡುತ್ತದೆ. ಎರಡು ಲ್ಯಾಬ್ ಕಳೆದರೆ ಕೈಗೆ ತಾನೇ ಅಭ್ಯಾಸವಾಗುತ್ತದೆ. ಬೆಳಕು ಜಾಸ್ತಿ ಆದರೂ ಏನೂ ಕಾಣುವುದಿಲ್ಲ. ಬಣ್ಣ ಹಾಕದ ಸ್ಲೈಡ್ ಆಗಿದ್ದರೆ ಕೆಳಗೆ ಬೆಳಕನ್ನು ಹೆಚ್ಚುಕಮ್ಮಿ ಮಾಡುವ ಡಯಾಫ್ರಂ ಸ್ವಲ್ಪ ಮುಚ್ಚಿ ನೋಡಿ, ಗೋಡೆಗಳು ಎದ್ದು ಬರುತ್ತವೆ. ಇನ್ನೊಂದು ಕಣ್ಣನ್ನು ಮುಚ್ಚಬೇಡಿ. ಎರಡೂ ತೆರೆದಿದ್ದರೆ ತಲೆನೋವು ಬರುವುದಿಲ್ಲ.

ಪ್ರತಿ ವರ್ಷ ಅದೇ ಈರುಳ್ಳಿ ಪೊರೆ ಯಾಕೆ? ಹೈಸ್ಕೂಲಲ್ಲೂ ಮಾಡಿದ್ವಲ್ಲ?

ಮಾಡಿದ್ದೀರಿ. ಬಹುಶಃ ಒಬ್ಬರು ಮಾಡಿದರು, ನಲವತ್ತು ಜನ ಸಾಲಾಗಿ ಬಂದು ಎರಡು ಸೆಕೆಂಡ್ ನೋಡಿ ಹೋದಿರಿ. ಈ ಸಲ ನೀವೇ ಮಾಡಿ.

ಈರುಳ್ಳಿಯ ಒಂದು ಎಸಳನ್ನು ಮುರಿದರೆ ಒಳಮೈಯಿಂದ ತೆಳ್ಳಗಿನ ಪೊರೆ ಏಳುತ್ತದೆ. ಅದರ ದಪ್ಪ ಒಂದೇ ಒಂದು ಕೋಶ. ಬ್ಲೇಡಿನ ಕೆಲಸವೇ ಬೇಕಿಲ್ಲದೆ ಸಿಗುವ ಇಂಥ ವಸ್ತು ಅಡುಗೆಮನೆಯಲ್ಲಿ ಬೇರೆ ಇಲ್ಲ. ಪೊರೆಯನ್ನು ಗಾಳಿಯಲ್ಲಿ ಹಿಡಿದುಕೊಂಡಿರಬೇಡಿ, ಸುರುಳಿ ಸುತ್ತಿಕೊಳ್ಳುತ್ತದೆ. ತಕ್ಷಣ ನೀರಿಗೆ ಬಿಡಿ. ಉಗುರಿನಷ್ಟು ಕತ್ತರಿಸಿ ಸ್ಲೈಡ್ ಮೇಲೆ ಹರಡಿ, ಒಂದು ಹನಿ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಅಥವಾ ಅಯೋಡಿನ್ ಹಾಕಿ. ಕವರ್‌ಸ್ಲಿಪ್ಪಿನ ಒಂದು ಅಂಚನ್ನು ಮೊದಲು ತಾಗಿಸಿ, ಇನ್ನೊಂದನ್ನು ಸೂಜಿಯ ಮೇಲೆ ನಿಧಾನ ಇಳಿಸಿ. ಗಾಳಿ ಬದಿಗೆ ಹೊರಟುಹೋಗುತ್ತದೆ.

ಈಗ ನ್ಯೂಕ್ಲಿಯಸ್ ಎಲ್ಲಿದೆ ನೋಡಿ. ನಾನು ವಿದ್ಯಾರ್ಥಿಯಾಗಿದ್ದಾಗ ಎಲ್ಲ ಕೋಶಗಳ ನಟ್ಟನಡುವೆ ಒಂದೊಂದು ಚುಕ್ಕಿ ಇಟ್ಟು ರೆಕಾರ್ಡ್ ತೋರಿಸಿದ್ದೆ. ನಮ್ಮ ಮೇಡಂ ಏನೂ ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ, 'ನಡುವೆ ಇರೋದು ಎಷ್ಟಿವೆ, ಎಣಿಸಿ ಹೇಳು' ಅಂದರು. ಎಣಿಸಿದೆ. ಬಹುತೇಕ ಎಲ್ಲವೂ ಗೋಡೆಗೆ ಒತ್ತಿಕೊಂಡು ಕೂತಿದ್ದವು. ಕೋಶದ ನಡುವಿನ ಜಾಗವನ್ನೆಲ್ಲ ನೀರು ತುಂಬಿದ ದೊಡ್ಡ ರಸದಾನಿ ಹಿಡಿದಿರುತ್ತದೆ, ಹಾಗಾಗಿ ನ್ಯೂಕ್ಲಿಯಸ್‌ಗೆ ಉಳಿಯುವುದು ಅಂಚು. ಇದನ್ನು ನನಗೆ ಪುಸ್ತಕ ಹೇಳಿಕೊಡಲಿಲ್ಲ, ಆ ಎಣಿಕೆ ಹೇಳಿಕೊಟ್ಟಿತು. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಚೂರಿನಲ್ಲಿ ಕಂಡಿದ್ದು ಬರೀ ಖಾಲಿ ಗೂಡುಗಳನ್ನು. ನ್ಯೂಕ್ಲಿಯಸ್‌ಗೆ ರಾಬರ್ಟ್ ಬ್ರೌನ್ ಆ ಹೆಸರು ಕೊಟ್ಟಿದ್ದು 1831ರಲ್ಲಿ, ಆರ್ಕಿಡ್ ಗಿಡಗಳ ಕೋಶಗಳನ್ನು ನೋಡುತ್ತಾ. ಅಷ್ಟು ವರ್ಷದ ಅಂತರವನ್ನು ನೀವು ಒಂದು ಹನಿ ಬಣ್ಣದಲ್ಲಿ ದಾಟುತ್ತೀರಿ.

ನನಗೆ ಡ್ರಾಯಿಂಗ್ ಬರೋಲ್ಲ. ರೆಕಾರ್ಡ್ ಅಕ್ಕನ ಹತ್ರ ಬರೆಸಿದ್ರೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಆದರೆ ನನ್ನ ತಕರಾರು ಅದಲ್ಲ. ಚಿತ್ರ ಬರೆಯುವಾಗ ಕಣ್ಣು ಹತ್ತು ಸಲ ಸ್ಲೈಡ್‌ಗೆ ಹೋಗಿ ಬರುತ್ತದೆ. ಕಲಿಕೆ ಆಗುವುದು ಆ ಓಡಾಟದಲ್ಲಿ. ಅದನ್ನು ಅಕ್ಕನಿಗೆ ಬಿಟ್ಟುಕೊಟ್ಟರೆ ನಿಮಗೆ ಉಳಿಯುವುದು ಬೈಂಡ್ ಆದ ಪುಸ್ತಕ ಮಾತ್ರ. ದುಡ್ಡು ಕೊಟ್ಟು ರೆಕಾರ್ಡ್ ಬರೆಸುವ ಅಪ್ಪ ಅಮ್ಮಂದಿರಿಗೂ ಇದನ್ನೇ ಕೈಮುಗಿದು ಹೇಳುತ್ತೇನೆ.

ಬಯಾಲಜಿ ಚಿತ್ರಕ್ಕೆ ಕಲೆ ಬೇಕಿಲ್ಲ. ಒಂದೇ ಗೆರೆ ಎಳೆಯಿರಿ, ತಿದ್ದಿ ತಿದ್ದಿ ಕೂದಲಿನ ಹಾಗೆ ಮಾಡಬೇಡಿ. ಶೇಡ್ ಬೇಡ, ಗಾಢ ಜಾಗಕ್ಕೆ ಚುಕ್ಕಿ ಸಾಕು. ಅರ್ಧ ಪುಟ ತುಂಬುವಷ್ಟು ದೊಡ್ಡದಾಗಿರಲಿ. ಹೆಸರು ಬರೆಯುವ ಗೆರೆಗಳು ಒಂದನ್ನೊಂದು ಕತ್ತರಿಸದಿರಲಿ. ನಾಲ್ಕು ಕೋಶ ಕಂಡರೆ ನಾಲ್ಕೇ ಬರೆಯಿರಿ. ಸೊಟ್ಟಗೆ ಕಂಡಿದ್ದು ಸೊಟ್ಟಗೇ ಇರಲಿ, ಅಂಥ ಚಿತ್ರಕ್ಕೆ ನಾನು ಮಾರ್ಕ್ಸ್ ಕಳೆದಿದ್ದು ನೆನಪಿಲ್ಲ.

ಕಾಂಡದ ಸೆಕ್ಷನ್ ಎಷ್ಟು ಕೊಯ್ದರೂ ದಪ್ಪಗೇ ಬರ್ತಿದೆ. ಏನು ಮಾಡ್ಲಿ?

ಬ್ಲೇಡ್ ಒದ್ದೆ ಮಾಡಿ, ಕಾಂಡವನ್ನೂ ಒದ್ದೆ ಮಾಡಿ. ಮುಕ್ಕಾಲು ಸಮಸ್ಯೆ ಅಲ್ಲೇ ಮುಗಿಯುತ್ತದೆ. ಎಡಗೈ ಹೆಬ್ಬೆರಳು, ತೋರುಬೆರಳ ನಡುವೆ ಕಾಂಡವನ್ನು ನೆಟ್ಟಗೆ ಹಿಡಿದು, ಬ್ಲೇಡನ್ನು ಒಂದೇ ಎಳೆತಕ್ಕೆ ನಿಮ್ಮ ಕಡೆಗೆ ತನ್ನಿ. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಬೇಡಿ. ಹೆಬ್ಬೆರಳು ಬ್ಲೇಡಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ಕಾಂಡ ತೀರಾ ಮೆತ್ತಗಿದ್ದರೆ ಕ್ಯಾರೆಟ್ ತುಂಡನ್ನು ಸೀಳಿ ಅದರ ಮಧ್ಯೆ ಇಟ್ಟು, ಕ್ಯಾರೆಟ್ ಸಮೇತ ಕೊಯ್ಯಿರಿ.

ಒಂದೆರಡು ಕೊಯ್ದು ನಿಲ್ಲಿಸಬೇಡಿ. ಇಪ್ಪತ್ತು ಕೊಯ್ದು ವಾಚ್‌ಗ್ಲಾಸಿನ ನೀರಿಗೆ ಬಿಡಿ. ದಪ್ಪಗಿರುವವು ಬೆಳ್ಳಗೆ ಕಾಣುತ್ತವೆ. ಯಾವುದು ಇದೆಯೋ ಇಲ್ಲವೋ ಅನ್ನುವ ಹಾಗೆ ತೇಲುತ್ತದೋ ಅದನ್ನು ಬ್ರಷ್‌ನಿಂದ ಎತ್ತಿಕೊಳ್ಳಿ. ಪೂರ್ತಿ ದುಂಡಾಗಿರಬೇಕೆಂಬ ಹಟ ಬೇಡ. ಬಿದಿಗೆ ಚಂದ್ರನ ಹಾಗೆ ಒಂದು ಅಂಚು ತೆಳ್ಳಗೆ ಸಿಕ್ಕಿದರೂ ಸಾಕು. ಸ್ಯಾಫ್ರನಿನ್ ಹಾಕಿ, ನೀರಲ್ಲಿ ತೊಳೆದು, ಗ್ಲಿಸರಿನ್ ಹನಿಯಲ್ಲಿ ಕೂರಿಸಿ. ನೀರು ಸಾಗಿಸುವ ಕ್ಸೈಲಂ ಕೆಂಪಗೆ ಹೊಳೆಯುತ್ತದೆ. ಸೂರ್ಯಕಾಂತಿಯಲ್ಲಿ ಆ ಕೆಂಪು ಗುಂಪುಗಳು ಬಳೆಯ ಹಾಗೆ ಸುತ್ತ ನಿಂತಿರುತ್ತವೆ, ಮೆಕ್ಕೆಜೋಳದಲ್ಲಿ ಚೆಲ್ಲಾಪಿಲ್ಲಿ ಹರಡಿರುತ್ತವೆ. ದ್ವಿದಳ, ಏಕದಳ ಅನ್ನುವ ವ್ಯತ್ಯಾಸ ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣುವುದಿಲ್ಲ.

## ಪ್ರಯೋಗಗಳು

ಆಲೂಗಡ್ಡೆ ಪ್ರಯೋಗದಲ್ಲಿ ನೀರು ಏರಲೇ ಇಲ್ಲ. ಕೆಟ್ಟ ಆಲೂಗಡ್ಡೆ ಕೊಟ್ರಾ?

ಆಲೂಗಡ್ಡೆಯನ್ನು ಬಟ್ಟಲಿನ ಹಾಗೆ ಕೊರೆದು, ಒಳಗೆ ಸಕ್ಕರೆ ನೀರು ತುಂಬಿ, ಅದರ ಮಟ್ಟಕ್ಕೆ ಗುಂಡುಪಿನ್ನು ಚುಚ್ಚಿ, ನೀರಿನಲ್ಲಿ ಇಡುವ ಪ್ರಯೋಗ ಇದು. ಆಲೂಗಡ್ಡೆಯದು ತಪ್ಪಿರಲಿಕ್ಕಿಲ್ಲ. ತಳ ಎಲ್ಲಾದರೂ ತೂತಾಗಿದೆಯಾ ನೋಡಿ. ಕೆಳಗಿನ ಸಿಪ್ಪೆ ಪೂರ್ತಿ ತೆಗೆದಿದ್ದೀರಾ? ಸಿಪ್ಪೆ ಇದ್ದರೆ ನೀರು ಒಳಗೆ ಬರುವುದು ಕಷ್ಟ. ಸಕ್ಕರೆ ನೀರು ಗಟ್ಟಿಯಾಗಿತ್ತಾ? ಚಹಾಕ್ಕೆ ಹಾಕುವಷ್ಟು ಸಕ್ಕರೆ ಸಾಲದು, ಪಾಕದ ಹತ್ತಿರ ಇರಬೇಕು. ಕೊನೆಗೆ, ಎಷ್ಟು ಹೊತ್ತು ಕಾದಿರಿ? ಹತ್ತು ನಿಮಿಷಕ್ಕೆ ಗುಂಡುಪಿನ್ನಿನ ಗುರುತು ದಾಟುವುದಿಲ್ಲ, ಒಂದು ಗಂಟೆಯಾದರೂ ಬಿಡಿ.

ಬೇಯಿಸಿದ ಆಲೂಗಡ್ಡೆಯಲ್ಲೂ ಪಕ್ಕದಲ್ಲೇ ಒಂದು ಇಟ್ಟು ನೋಡಿ. ಅದರಲ್ಲಿ ಹಾಗೆ ಏರುವುದಿಲ್ಲ. ಬಿಸಿಗೆ ಕೋಶಗಳ ಪೊರೆ ಹಾಳಾಗಿ, ನೀರನ್ನು ಬಿಟ್ಟು ಸಕ್ಕರೆಯನ್ನು ತಡೆಯುವ ಶಕ್ತಿ ಹೋಗಿರುತ್ತದೆ. ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿಟ್ಟರೆ ನೀರು ಬಿಡುತ್ತದಲ್ಲ, ಅಲ್ಲೂ ನಡೆಯುವುದು ಇದೇ ಅಭಿಸರಣೆ, ಅಂದರೆ ನೀರು ಪೊರೆ ದಾಟಿ ಗಟ್ಟಿ ದ್ರಾವಣದ ಕಡೆಗೆ ಹೋಗುವುದು. ರೋಯೊ ಎಲೆಯ ಕೆಳಗಿನ ನೇರಳೆ ಸಿಪ್ಪೆಗೆ ಒಂದು ಹನಿ ಉಪ್ಪು ನೀರು ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನೇರಳೆ ಬಣ್ಣ ಗೋಡೆ ಬಿಟ್ಟು ಒಳಕ್ಕೆ ಸರಿಯುವುದು ಕಣ್ಣೆದುರೇ ಕಾಣುತ್ತದೆ. ನೀರು ಹಾಕಿದರೆ ಮತ್ತೆ ಹಿಗ್ಗುತ್ತದೆ. ತುಂಬ ಹೊತ್ತು ಉಪ್ಪಿನಲ್ಲಿ ಬಿಟ್ಟಿದ್ದರೆ ಹಿಗ್ಗುವುದಿಲ್ಲ, ಕೋಶ ಸತ್ತಿರುತ್ತದೆ.

ಸಕ್ಕರೆಗೆ ಬೆನೆಡಿಕ್ಟ್ ಹಾಕಿ ಕುದಿಸಿದೆ. ನೀಲಿ ಹಾಗೇ ಇದೆ. ಸಕ್ಕರೆಯಲ್ಲೇ ಸಕ್ಕರೆ ಇಲ್ವಾ?

ಒಳ್ಳೆಯ ಪ್ರಶ್ನೆ, ಮತ್ತು ನಿಮ್ಮ ಪ್ರಯೋಗ ಸರಿಯಾಗಿಯೇ ಬಂದಿದೆ. ಬೆನೆಡಿಕ್ಟ್ ಅಂದರೆ ಗ್ಲೂಕೋಸ್‌ನಂಥ ಸಕ್ಕರೆಗಳನ್ನು ಗುರುತಿಸುವ ನೀಲಿ ದ್ರಾವಣ. ಅಂಗಡಿ ಸಕ್ಕರೆ ಸುಕ್ರೋಸ್. ಅದು ಗ್ಲೂಕೋಸ್, ಫ್ರಕ್ಟೋಸ್ ಎರಡೂ ಕೈಹಿಡಿದುಕೊಂಡ ಜೋಡಿ. ಬೆನೆಡಿಕ್ಟ್ ದ್ರಾವಣದ ಜೊತೆ ವರ್ತಿಸಬೇಕಾದ ಭಾಗಗಳೇ ಒಂದಕ್ಕೊಂದು ಅಂಟಿಕೊಂಡಿವೆ. ಸ್ವಲ್ಪ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಕುದಿಸಿ, ಆಮೇಲೆ ಅಡುಗೆ ಸೋಡಾ ಹಾಕಿ ಆಸಿಡ್ ತೆಗೆದು, ಈಗ ಬೆನೆಡಿಕ್ಟ್ ಹಾಕಿ ಬಿಸಿ ಮಾಡಿ. ಹಸಿರು, ಹಳದಿ, ಕಿತ್ತಳೆ ದಾಟಿ ಇಟ್ಟಿಗೆ ಕೆಂಪಿಗೆ ಬರುತ್ತದೆ. ಜೇನುತುಪ್ಪ, ದ್ರಾಕ್ಷಿ ರಸ ಈ ಆಸಿಡ್ ಸಹಾಯವಿಲ್ಲದೇ ಕೆಂಪಾಗುತ್ತವೆ.

ಎಂಜಲಿನ ಪ್ರಯೋಗ ಅಂದ್ರೆ ಅಸಹ್ಯ ಆಗುತ್ತೆ. ಬಿಡಬಹುದಾ?

ನಮ್ಮ ಮನೆಗಳಲ್ಲಿ ಎಂಜಲು ಅಂದರೆ ಮುಟ್ಟಬಾರದ್ದು. ಹಾಗಾಗಿ ಈ ಸಂಕೋಚ ನನಗೆ ಅರ್ಥವಾಗುತ್ತದೆ. ಒಬ್ಬರದ್ದನ್ನು ಇನ್ನೊಬ್ಬರು ಮುಟ್ಟುವುದೇ ಬೇಕಿಲ್ಲ. ನಿಮ್ಮದು ನಿಮ್ಮ ಟೆಸ್ಟ್‌ಟ್ಯೂಬಿನಲ್ಲಿ, ತೊಳೆಯುವುದೂ ನೀವೇ.

ಬಾಯಿ ಮುಕ್ಕಳಿಸಿ, ಜೊಲ್ಲನ್ನು ನೀರು ಬೆರೆಸಿ ತೆಳ್ಳಗೆ ಮಾಡಿ ಪಿಷ್ಟದ ಗಂಜಿಗೆ ಹಾಕಿ. 37 ಡಿಗ್ರಿ ನೀರಿನಲ್ಲಿ ಟ್ಯೂಬ್ ಇಡಿ. ನಿಮಿಷಕ್ಕೊಂದು ಹನಿ ತೆಗೆದು ಬಿಳಿ ಟೈಲ್ ಮೇಲಿನ ಅಯೋಡಿನ್‌ಗೆ ಬಿಡಿ. ಮೊದಲು ಕಡುನೀಲಿ, ಆಮೇಲೆ ಕಂದು, ಕೊನೆಗೆ ಅಯೋಡಿನ್‌ನ ಹಳದಿಯೇ ಉಳಿಯುತ್ತದೆ. ಪಿಷ್ಟ ಮುಗಿಯಿತು ಅಂತ ಅರ್ಥ. ಇನ್ನೊಂದು ಟ್ಯೂಬಿನಲ್ಲಿ ಕುದಿಸಿದ ಜೊಲ್ಲು ಹಾಕಿದರೆ ನೀಲಿ ಹೋಗುವುದೇ ಇಲ್ಲ, ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಬಿಸಿಗೆ ಕೆಟ್ಟಿರುತ್ತದೆ. ಪಕ್ಕದವಳಿಗೆ ನಾಲ್ಕು ನಿಮಿಷ, ನಿಮಗೆ ಒಂಬತ್ತು ಆದರೆ ಗಾಬರಿ ಬೇಡ. ಜೊಲ್ಲಿನ ಅಮೈಲೇಸ್ ಪ್ರಮಾಣ ಎಲ್ಲರಿಗೂ ಒಂದೇ ಇರುವುದಿಲ್ಲ.

ಮನೆಯಲ್ಲಿ ಒಂದು ತುತ್ತು ಬರೀ ಅನ್ನವನ್ನು ಚೆನ್ನಾಗಿ ಅಗಿಯುತ್ತಾ ಇರಿ, ಸಿಹಿ ಬರುತ್ತದೆ. ಮುದ್ದೆಯಲ್ಲಿ ಈ ಸಿಹಿ ಯಾಕೆ ಗೊತ್ತಾಗಲ್ಲ ಅಂತ ಮಂಡ್ಯ ಕಡೆಯ ಹುಡುಗನೊಬ್ಬ ಕೇಳಿದ್ದ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ ಅಲ್ವಾ? ಬಾಯಿಯ ಅಮೈಲೇಸ್‌ಗೆ ಸಮಯವೇ ಸಿಗುವುದಿಲ್ಲ. ಹೊಟ್ಟೆಯ ಆಸಿಡ್ ಅದನ್ನು ನಿಲ್ಲಿಸುತ್ತದೆ, ಉಳಿದ ಕೆಲಸವನ್ನು ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಅಮೈಲೇಸ್ ಮಾಡುತ್ತದೆ.

ಬ್ಲಡ್ ಗ್ರೂಪ್ ನೋಡೋಕೆ ಬೆರಳು ಚುಚ್ಚಿಸ್ಕೊಳ್ಳಲೇಬೇಕಾ?

ಬಲವಂತ ಮಾಡುವುದು ತಪ್ಪು. ರಕ್ತ ನೋಡಿದರೆ ತಲೆ ಸುತ್ತುವವರು ಮೊದಲೇ ಹೇಳಿ ಕೂತುಬಿಡಿ. ಮಾಡುವವರು ಒಂದನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿ: ಒಬ್ಬರಿಗೆ ಒಂದೇ ಲ್ಯಾನ್ಸೆಟ್ (ಚುಚ್ಚುವ ಸೂಜಿ), ನಿಮ್ಮೆದುರೇ ಬಿಚ್ಚಿದ ಹೊಸದು. ಹಾಗಿಲ್ಲದಿದ್ದರೆ ಕೈ ಕೊಡಬೇಡಿ. ಯಾರು ಹೇಳಿದರೂ ಸರಿ.

ಗ್ರೂಪ್‌ಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ತೋರಿಸಿಕೊಟ್ಟಿದ್ದು 1901ರಲ್ಲಿ. ನಮ್ಮ ದೇಶದ ಒಂದು ಅಧ್ಯಾಯವೂ ಇದರಲ್ಲಿದೆ. 1952ರಲ್ಲಿ ಡಾ. ಭೇಂಡೆ ಮತ್ತು ಜೊತೆಗಾರರು ಮುಂಬೈಯಲ್ಲಿ ಬಾಂಬೆ ಗ್ರೂಪ್ ಕಂಡುಹಿಡಿದರು. ಸಾಮಾನ್ಯ ಪರೀಕ್ಷೆಯಲ್ಲಿ ಅದು 'ಓ' ಅಂತಲೇ ಕಾಣುತ್ತದೆ, ಆದರೆ ಆ ಗ್ರೂಪಿನವರಿಗೆ 'ಓ' ರಕ್ತ ಕೊಡುವ ಹಾಗಿಲ್ಲ. ಹಾಗಾಗಿ ಲ್ಯಾಬಿನಲ್ಲಿ ಟೈಲ್ ಮೇಲೆ ಕಂಡಿದ್ದನ್ನು ಆಸ್ಪತ್ರೆಯ ರಿಪೋರ್ಟ್ ಅಂದುಕೊಳ್ಳಬೇಡಿ.

ಕಪ್ಪೆ ಕೊಯ್ಯಿಸ್ತಾರಾ? ಮನೇಲಿ ಒಪ್ಪೋಲ್ಲ.

ಇಲ್ಲ. ಆ ಕಾಲ ಮುಗಿಯಿತು. ಡಿಗ್ರಿ ಮಟ್ಟದಲ್ಲೂ ಪ್ರಾಣಿಗಳನ್ನು ಕೊಯ್ಯುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2014ರಲ್ಲಿ ನಿಲ್ಲಿಸಿತು. ಈಗ ಮಾದರಿ, ಚಾರ್ಟ್, ವಿಡಿಯೊ. ನಾನು ಓದುವಾಗ ಕೊಯ್ದಿದ್ದೇನೆ. ಮಿಡಿಯುತ್ತಿದ್ದ ಆ ಪುಟ್ಟ ಹೃದಯ ಇನ್ನೂ ಕಣ್ಣಮುಂದಿದೆ. ಕಲಿತೆ, ನಿಜ. ಆದರೆ ಪ್ರತಿ ಕಾಲೇಜು, ಪ್ರತಿ ವರ್ಷ, ಪ್ರತಿ ಹುಡುಗನಿಗೆ ಒಂದೊಂದು ಕಪ್ಪೆ ಅಂದರೆ ಗದ್ದೆಗಳು ಏನು ತಡೆದಾವು? ಕಪ್ಪೆ ಕಾಲುಗಳ ರಫ್ತನ್ನು ಭಾರತ 1987ರಲ್ಲಿ ನಿಷೇಧಿಸಿದ್ದೂ ಇಂಥದ್ದೇ ಆತಂಕದಿಂದ. ನಿಂತಿದ್ದು ಒಳ್ಳೆಯದಾಯಿತು ಅಂತಲೇ ನನ್ನ ಅಭಿಪ್ರಾಯ. ಬದಲಿಗೆ ಮೊದಲ ಮಳೆಯ ನಂತರ ಹೊಂಡದ ಹತ್ತಿರ ಹೋಗಿ. ಗೊದಮೊಟ್ಟೆಗೆ ಮೊದಲು ಹಿಂಗಾಲು ಬರುತ್ತದೆ, ಆಮೇಲೆ ಮುಂಗಾಲು, ಬಾಲ ಸವೆಯುತ್ತಾ ಹೋಗುತ್ತದೆ. ದಿನಾ ನೋಡಿ ತಾರೀಖಿನ ಸಮೇತ ಬರೆದಿಡಿ.

## ಗಿಡ, ಹೂವು, ಹೆಸರು

ಈ ವೈಜ್ಞಾನಿಕ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡೋದು ಹೇಗೆ?

ಒಂದೊಂದಾಗಿ ಬೇಡ, ಮನೆತನದ ಹಾಗೆ ಕಲಿಯಿರಿ. ಆಲ ಫೈಕಸ್ ಬೆಂಗಾಲೆನ್ಸಿಸ್, ಅರಳಿ ಫೈಕಸ್ ರಿಲಿಜಿಯೋಸಾ, ಅತ್ತಿ ಫೈಕಸ್ ರೆಸಿಮೋಸಾ. ಮೂವರೂ ಫೈಕಸ್. ಅತ್ತಿ ಹಣ್ಣು ಬಿಚ್ಚಿದರೆ ಹುಳ ಅಂತ ಗಾದೆ ಇದೆಯಲ್ಲ, ಆಲದಲ್ಲೂ ಅರಳಿಯಲ್ಲೂ ಅದೇ ಕಥೆ. ಆ ಪುಟ್ಟ ಕಣಜಗಳೇ ಒಳಗಿನ ಹೂಗಳಿಗೆ ಪರಾಗ ತರುತ್ತವೆ. ಹಾಗೇ ಬದನೆ, ಟೊಮೆಟೊ, ಆಲೂಗಡ್ಡೆ ಮೂರೂ ಸೊಲಾನಂ.

ಎರಡು ಪದದ ಈ ಪದ್ಧತಿಯನ್ನು ಗಿಡಗಳಿಗೆ ಲಿನೇಯಸ್ 1753ರಲ್ಲಿ ಗಟ್ಟಿ ಮಾಡಿದರು. ಲ್ಯಾಟಿನ್ ಅಂತ ದೂರ ಇಡಬೇಡಿ, ಅದರಲ್ಲಿ ಕನ್ನಡವೂ ಸೇರಿಕೊಂಡಿದೆ. 2014ರಲ್ಲಿ ನಮ್ಮ ಪಶ್ಚಿಮ ಘಟ್ಟದ ಒಂದು ಕಪ್ಪೆಗೆ ನಿಕ್ಟಿಬ್ಯಾಟ್ರಕಸ್ ಕುಂಬಾರ ಅಂತ ಹೆಸರಿಟ್ಟರು. ಇದರ ಗಂಡು ತನ್ನ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುತ್ತದೆ, ಮಡಕೆ ಮಾಡುವ ಕುಂಬಾರನ ಹಾಗೆ. ಈ ಹೆಸರನ್ನು ಒಮ್ಮೆ ಕೇಳಿದ ಕನ್ನಡದ ಮಗು ಮರೆಯುವುದುಂಟಾ? ಪ್ರತಿ ಹೆಸರಿನ ಹಿಂದೆಯೂ ಇಂಥ ಒಂದು ಕಾರಣ ಇರುತ್ತದೆ, ಅದನ್ನು ಕೇಳಿ. ಕೈಯಲ್ಲಿ ಬರೆಯುವಾಗ ಎರಡು ಪದಗಳಿಗೂ ಬೇರೆ ಬೇರೆ ಅಡಿಗೆರೆ ಹಾಕಿ.

ಹೂವು ಕೊಟ್ಟು ಫ್ಯಾಮಿಲಿ ಹೇಳು ಅಂದ್ರೆ ತಲೆ ಬ್ಲಾಂಕ್ ಆಗುತ್ತೆ. ಸುಲಭದ ದಾರಿ ಇದ್ಯಾ?

ಅಡುಗೆಮನೆಯಿಂದ ಶುರು ಮಾಡಿ. ಬದನೆಕಾಯಿಯ ತೊಟ್ಟಿನ ಹತ್ತಿರ ಹಸಿರು ಟೋಪಿ ಇರುತ್ತದೆ, ಟೊಮೆಟೊ ಮೇಲೆ ಹಸಿರು ನಕ್ಷತ್ರ. ಅವು ಹೂವಿನ ಪುಷ್ಪಪತ್ರಗಳು, ಕಾಯಾದರೂ ಉದುರಿಲ್ಲ. ಬದನೆಯ ಕುಟುಂಬವಾದ ಸೊಲಾನೇಸಿಯ ದೊಡ್ಡ ಗುರುತು ಇದು. ಅವರೆ ಹೂವು ತೆಗೆದುಕೊಂಡರೆ ಮೇಲೆ ಒಂದು ದೊಡ್ಡ ದಳ, ಪಕ್ಕದಲ್ಲಿ ಎರಡು ರೆಕ್ಕೆ, ಕೆಳಗೆ ಅಂಟಿಕೊಂಡ ಎರಡು ದಳಗಳ ದೋಣಿ. ದೋಣಿ ಬಿಡಿಸಿದರೆ ಹತ್ತು ಕೇಸರ: ಒಂಬತ್ತು ಒಟ್ಟಿಗೆ, ಒಂದು ಬೇರೆ. ಅದು ಫ್ಯಾಬೇಸಿ. ಶಂಖಪುಷ್ಪವೂ ಇದೇ ಕುಟುಂಬ, ಆದರೆ ಅದರ ಹೂವು ತಲೆಕೆಳಗಾಗಿರುತ್ತದೆ, ಪರೀಕ್ಷೆಯಲ್ಲಿ ಮೋಸಹೋಗಬೇಡಿ. ಈರುಳ್ಳಿ ಹೂವಿನಲ್ಲಿ ಎಲ್ಲವೂ ಮೂರರ ಲೆಕ್ಕ.

ಉಮ್ಮತ್ತಿ ಹೂವು ದೊಡ್ಡದಾಗಿ ಅನುಕೂಲವಾಗಿರುತ್ತದೆ, ಆದರೆ ವಿಷ. ಬಿಡಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಅಲ್ಲಿಯವರೆಗೆ ಕಣ್ಣು ಉಜ್ಜಬೇಡಿ.

## ಇನ್ನೂ ಸ್ವಲ್ಪ ಮುಂದೆ

ಕೋಶದ ಉದ್ದ ಎಷ್ಟು ಅಂತ ವೈವಾದಲ್ಲಿ ಕೇಳಿದ್ರು. ಅಳೆಯೋದು ಹೇಗೆ?

ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು 100 ಪಟ್ಟಿನಲ್ಲಿ ಲೆನ್ಸ್ ಕೆಳಗೆ ಇಡಿ. ಕಾಣುವ ದುಂಡು ಜಾಗ ಎಷ್ಟು ಮಿಲಿಮೀಟರ್ ಅಂತ ಗೊತ್ತಾಗುತ್ತದೆ. ಅದು 1.6 ಅಂದುಕೊಳ್ಳಿ. ಈಗ ಸ್ಕೇಲ್ ತೆಗೆದು ಈರುಳ್ಳಿ ಪೊರೆ ಇಡಿ. ಆ ಅಗಲದಲ್ಲಿ ಉದ್ದಕ್ಕೆ ಐದು ಕೋಶ ಹಿಡಿಸಿದರೆ ಒಂದೊಂದು ಸುಮಾರು 0.32 ಮಿಲಿಮೀಟರ್. ಸ್ಕೇಲಿನ ಎರಡು ಗೆರೆಗಳ ನಡುವೆ ಮೂರು ಕೋಶ!

ಮೈಟಾಸಿಸ್ ಸ್ಲೈಡ್ ಮಾಡಿದೆ. ಎಲ್ಲಾ ಕೋಶ ಒಂದೇ ಥರ ಇವೆ. ವಿಭಜನೆ ಎಲ್ಲಿ?

ಬೇರಿನ ಯಾವ ಭಾಗ ತೆಗೆದುಕೊಂಡಿರಿ ಅನ್ನುವುದು ಮೊದಲ ಪ್ರಶ್ನೆ. ವಿಭಜನೆ ನಡೆಯುವುದು ತುದಿಯ ಒಂದೆರಡು ಮಿಲಿಮೀಟರಿನಲ್ಲಿ. ಬಣ್ಣ ಹಾಕಿದಾಗ ತುದಿ ಗಾಢವಾಗುತ್ತದೆ, ಆ ಗಾಢ ಚುಕ್ಕಿಯನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸಿ ಹಾಕಿ. ಅನೇಕರು ತಪ್ಪಿ ತುದಿಯನ್ನೇ ಬಿಸಾಡುತ್ತಾರೆ.

ಈರುಳ್ಳಿಯ ಒಣಬೇರು ಕೆರೆದು, ನೀರು ತುಂಬಿದ ಬಾಟಲಿಯ ಬಾಯಿ ಮೇಲೆ ತಳ ತಾಗುವಂತೆ ಕೂರಿಸಿ. ಎರಡು ಮೂರು ಸೆಂಟಿಮೀಟರ್ ಬೇರು ಬಂದ ಮೇಲೆ ಬೆಳಗ್ಗೆ ಹೊತ್ತಿನಲ್ಲಿ ತುದಿ ಕತ್ತರಿಸಿ, ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಸಿಡ್ ಬೆರೆಸಿದ್ದರಲ್ಲಿ ಹಾಕಿ. ಒಂದು ದಿನ ಬಿಟ್ಟು, ತೆಳು ಹೈಡ್ರೋಕ್ಲೋರಿಕ್ ಆಸಿಡ್, ಅಸಿಟೊಕಾರ್ಮಿನ್ ಜೊತೆ ಸ್ವಲ್ಪ ಬೆಚ್ಚಗೆ ಮಾಡಿ. ಕುದಿಸಬೇಡಿ. ಕವರ್‌ಸ್ಲಿಪ್ ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಜಾರಿಸಿದರೆ ಕೋಶಗಳು ಹೊಸೆದುಹೋಗುತ್ತವೆ.

ಇಷ್ಟು ಮಾಡಿದ ಮೇಲೂ ಹೆಚ್ಚಿನ ಕೋಶಗಳು ಒಂದೇ ಥರ ಇರುತ್ತವೆ. ಅದು ಸೋಲಲ್ಲ. ಕೋಶ ತನ್ನ ಆಯುಸ್ಸಿನ ಬಹುಪಾಲು ತಯಾರಿಯಲ್ಲಿ ಕಳೆಯುತ್ತದೆ, ವಿಭಜನೆಗೆ ಬೇಕಾಗುವುದು ಕಡಿಮೆ ಸಮಯ. 200 ಕೋಶ ಎಣಿಸಿ, ಯಾವ ಹಂತದಲ್ಲಿ ಎಷ್ಟಿವೆ ಬರೆಯಿರಿ. ಯಾವ ಹಂತ ಉದ್ದ, ಯಾವುದು ಗಿಡ್ಡ ಅನ್ನುವುದು ಆ ಪಟ್ಟಿಯಲ್ಲೇ ಇದೆ. ಈರುಳ್ಳಿಗೆ 16 ಕ್ರೋಮೋಸೋಮ್. ಒಂದೇ ಒಂದು ಕೋಶದಲ್ಲಿ ಅಷ್ಟನ್ನೂ ಬಿಡಿಬಿಡಿಯಾಗಿ ಎಣಿಸಿದ ದಿನ ನೀವು ಊಟ ಮರೆಯುತ್ತೀರಿ.

ನನ್ನ ರಿಸಲ್ಟ್ ಪುಸ್ತಕದ ಹಾಗೆ ಬರಲಿಲ್ಲ. ಪುಸ್ತಕದ್ದೇ ಬರೆದುಬಿಡ್ಲಾ?

ಬೇಡ. ಬಂದಿದ್ದನ್ನು ಬರೆಯಿರಿ, ಕೆಳಗೆ 'ಹೀಗೆ ಯಾಕೆ ಬಂದಿರಬಹುದು' ಅಂತ ಎರಡು ಸಾಲು ಸೇರಿಸಿ. ಒಮ್ಮೆ ಒಬ್ಬ ಹುಡುಗಿ ಎಲೆಯ ಮೇಲ್ಭಾಗ, ಕೆಳಭಾಗ ಎರಡರಲ್ಲೂ ಪತ್ರರಂಧ್ರ ಎಣಿಸಿದಳು. ಪುಸ್ತಕದ ಪ್ರಕಾರ ಕೆಳಗೆ ಜಾಸ್ತಿ ಇರಬೇಕು. ಅವಳಿಗೆ ಹೆಚ್ಚುಕಮ್ಮಿ ಸಮ ಬಂತು. ಗೆಳತಿಯರು ತಿದ್ದು ಅಂದರು, ಅವಳು ತಿದ್ದಲಿಲ್ಲ. ಅವಳು ತಂದಿದ್ದು ಜೋಳದ ಎಲೆ. ಹುಲ್ಲಿನ ಜಾತಿಯ ನೆಟ್ಟಗಿನ ಎಲೆಗಳಲ್ಲಿ ಎರಡೂ ಬದಿಗೆ ರಂಧ್ರಗಳಿರುತ್ತವೆ. ಅವಳ ರೆಕಾರ್ಡ್ ಸರಿ ಇತ್ತು, ನೋಡದೇ ಬರೆದ ಉಳಿದವರದ್ದು ತಪ್ಪಾಗಿತ್ತು.

ನೀಟ್ ಕೋಚಿಂಗ್ ಇದೆ. ಲ್ಯಾಬ್‌ಗೆ ಬರದಿದ್ರೆ ನಡೆಯುತ್ತಾ?

ನೀಟ್‌ನ 720 ಅಂಕದಲ್ಲಿ 360 ಬಯಾಲಜಿಯದ್ದು, 180 ಪ್ರಶ್ನೆಗಳಲ್ಲಿ 90. ಸಿಇಟಿಯಲ್ಲಿ 60 ಪ್ರಶ್ನೆ. ಒತ್ತಡ ಎಷ್ಟು ಅಂತ ಗೊತ್ತು. ಆದರೂ ಬನ್ನಿ. ಕೇಸರದ ಜೋಡಣೆ, ಅಂಡಾಶಯದ ಒಳಗಿನ ಬೀಜದ ಸಾಲು, ಕಾಂಡದ ಅಡ್ಡಕೊಯ್ತ ಇವನ್ನು ಕೈಯಲ್ಲಿ ಬಿಚ್ಚಿ ನೋಡಿದವರಿಗೆ ಓದುವ ಪುಟಗಳು ಕಡಿಮೆಯಾಗುತ್ತವೆ. ವಾರದ ಆ ಒಂದು ಲ್ಯಾಬ್ ಓದಿನ ಸಮಯವೇ.

ನಮ್ಮ ಕಾಲೇಜಲ್ಲಿ ಅರವತ್ತು ಜನಕ್ಕೆ ಎರಡೇ ಮೈಕ್ರೋಸ್ಕೋಪ್. ಏನು ಮಾಡೋಣ?

ಈ ಪತ್ರ ಬೇರೆ ಬೇರೆ ತಾಲ್ಲೂಕುಗಳಿಂದ ಬರುತ್ತದೆ, ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕಾಲೇಜು ಅಭಿವೃದ್ಧಿ ಸಮಿತಿಗೆ, ಹಳೇ ವಿದ್ಯಾರ್ಥಿಗಳಿಗೆ ಲಿಖಿತವಾಗಿ ಕೇಳಿ. ಅಪ್ಪ ಅಮ್ಮಂದಿರೂ ಸಹಿ ಹಾಕಲಿ. ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಸ್ಟ್ಯಾನ್‌ಫರ್ಡ್‌ನಲ್ಲಿ ಮನು ಪ್ರಕಾಶ್ ಮತ್ತು ಜೊತೆಗಾರರು ರೂಪಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಮೈಕ್ರೋಸ್ಕೋಪ್ ಇದೆ. ಮಡಚಿ ಜೋಡಿಸುವುದು, ಸುಮಾರು 140 ಪಟ್ಟು ಹಿಗ್ಗಿಸುತ್ತದೆ, ಫೋನಿನ ಕ್ಯಾಮೆರಾಕ್ಕೂ ಅಂಟಿಸಬಹುದು. ನಾಲ್ಕು ಜನ ಸೇರಿ ಒಂದು ಕೊಂಡರೂ ಸಾಕು. ಬೆಳಗ್ಗೆ ಅರಳಿದ ದಾಸವಾಳದ ಕೇಸರವನ್ನು ಸ್ಲೈಡ್ ಮೇಲೆ ಮೆಲ್ಲಗೆ ತಟ್ಟಿ, ಉದುರಿದ ಹಳದಿ ಪುಡಿಯನ್ನು ಬೆಳಕಿಗೆ ಹಿಡಿದು ನೋಡಿ. ಪುಡಿಯ ಒಂದೊಂದು ಕಣವೂ ದುಂಡಗೆ, ಮೈತುಂಬ ಮುಳ್ಳು.